ನೀರು, ನೆರೆ ಮತ್ತು ಎರಡು ಮಹಾನಗರಗಳು

ಒಂದು ಊರು ವಾಸಕ್ಕೆ ಯೋಗ್ಯವೇ ಎಂದು ವಿಚಾರಿಸುವಾಗ ಹಿಂದಿನವರು ಮೊದಲು ನೀರನ್ನೂ, ಆಮೇಲೆ ನೆರೆಯನ್ನೂ ಕೇಳುತ್ತಿದ್ದರು. ಕನ್ನಡದಲ್ಲಿ ‘ನೆರೆ’ ಎಂಬ ಶಬ್ದಕ್ಕೆ ಪಕ್ಕದ ಮನೆಯೆಂಬ ಅರ್ಥವೂ ಉಂಟು, ಪ್ರವಾಹವೆಂಬ ಅರ್ಥವೂ ಉಂಟು. ಅಮೆರಿಕಾ ದೇಶದ ಮೂರನೆಯ ದೊಡ್ಡ ನಗರವಾದ ಷಿಕಾಗೋ ಮತ್ತು ನಾಲ್ಕನೆಯದಾದ ಹ್ಯೂಸ್ಟನ್ ನಗರಗಳನ್ನು ವಾಸಸ್ಥಾನಗಳೆಂಬ ದೃಷ್ಟಿಯಿಂದ ಹೋಲಿಸಿ ನೋಡುವವರಿಗೆ ಈ ಒಂದು ಶಬ್ದದ ಎರಡೂ ಅರ್ಥಗಳು ಬೇಕಾಗುತ್ತವೆ. ಇಂದು ಅಲ್ಲಿಗೆ ಉದ್ಯೋಗನಿಮಿತ್ತ ತೆರಳುವ ತರುಣರು ವೇತನವೆಷ್ಟು, ಬಾಡಿಗೆಯೆಷ್ಟು, ತೆರಿಗೆಯೆಷ್ಟು ಎಂದು ಲೆಕ್ಕ ಹಾಕುವುದು ಸಹಜವೇ. ಆದರೆ ಆ ಮನೆಗೆ ವೃದ್ಧರಾದ ತಂದೆತಾಯಿಗಳು ಹೋಗಿ ಆರು ತಿಂಗಳು ನಿಲ್ಲಬೇಕಾದಾಗ ಈ ಲೆಕ್ಕ ಸಾಲದೆ ಹೋಗುತ್ತದೆ.

ಎರಡು ನಗರಗಳೂ ಒಂದೇ ವಯಸ್ಸಿನವು. ಹ್ಯೂಸ್ಟನ್ನಿನ ನಿವೇಶನಗಳನ್ನು ಆಲೆನ್ ಎಂಬ ಸಹೋದರರಿಬ್ಬರು 1836ರಲ್ಲಿ ಮಾರಾಟಕ್ಕಿಟ್ಟರು. ಷಿಕಾಗೋ 1837ರಲ್ಲಿ ನಗರವೆಂಬ ಪದವಿಯನ್ನು ಪಡೆಯಿತು. ಎರಡೂ ಜೌಗುನೆಲದ ಮೇಲೆ ಎದ್ದವು. ಬಫೆಲೋ ಬಾಯೂ ಎಂಬ ಮಂದಗತಿಯ ಹೊಳೆಯ ದಡದ ಆ ತಗ್ಗುನೆಲವನ್ನು ಆಲೆನ್ ಸೋದರರು ತಮ್ಮ ಜಾಹೀರಾತಿನಲ್ಲಿ ಎತ್ತರವಾದ ಆರೋಗ್ಯಕರ ಭೂಮಿಯೆಂದು ವರ್ಣಿಸಿದರು. ನಿವೇಶನ ಮಾರುವವರ ಕವಿತ್ವ ಯಾವ ದೇಶದಲ್ಲಿಯೂ ಕಡಿಮೆಯಲ್ಲ.

ಷಿಕಾಗೋ ತನ್ನ ಜೌಗನ್ನು ಗೆದ್ದ ಬಗೆ ವಿಸ್ಮಯಕಾರಿಯಾದುದು. ಮಿಷಿಗನ್ ಸರೋವರದ ದಡದಲ್ಲಿ ಊರು ಎಷ್ಟು ಸಮತಟ್ಟಾಗಿತ್ತೆಂದರೆ ಕೊಳಚೆನೀರು ಹರಿದು ಹೋಗಲು ಇಳಿಜಾರೇ ಇರಲಿಲ್ಲ. 1854ರಲ್ಲಿ ಕಾಲರಾ ಬಡಿದ ಮೇಲೆ ಎಲ್ಲಿಸ್ ಚೆಸ್‌ಬ್ರೋ ಎಂಬ ಇಂಜಿನಿಯರನನ್ನು ಕರೆತರಲಾಯಿತು. ನೆಲವನ್ನು ಅಗೆದು ಒಳಚರಂಡಿ ಹಾಕಲು ಬಾರದಿದ್ದರೆ ಒಳಚರಂಡಿಯನ್ನು ನೆಲದ ಮೇಲಿಟ್ಟು ಊರನ್ನೇ ಎತ್ತರಿಸಬೇಕು ಎಂದು ಆತ ಹೇಳಿದ. ಊರಿನವರು ಹಾಗೆಯೇ ಮಾಡಿದರು. ನೂರಾರು ಆಳುಗಳು ತಿರುಪಿನ ಜಾಕುಗಳನ್ನು ಅಡಿಪಾಯದ ಕೆಳಗಿಟ್ಟು ಒಂದೇ ಸನ್ನೆಗೆ ತಿರುಗಿಸಿ, ಇಟ್ಟಿಗೆಯ ದೊಡ್ಡ ಕಟ್ಟಡಗಳನ್ನು ಒಳಗೆ ವ್ಯಾಪಾರ ನಡೆಯುತ್ತಿರುವಾಗಲೇ ಹಲವು ಅಡಿ ಮೇಲಕ್ಕೆತ್ತಿದರು. ಆದರೂ ಕೊಳಚೆ ನದಿಗೆ, ನದಿ ಸರೋವರಕ್ಕೆ, ಸರೋವರದ ನೀರು ಮತ್ತೆ ಮನೆಯ ಕೊಡಕ್ಕೆ ಬರುತ್ತಿತ್ತು. 1867ರಲ್ಲಿ ಸರೋವರದ ತಳದಡಿ ಎರಡು ಮೈಲಿ ಸುರಂಗ ಕೊರೆದು ದೂರದ ನೀರನ್ನು ತಂದರು. ಅದೂ ಸಾಲದಾದಾಗ 1900ರ ಜನವರಿಯಲ್ಲಿ ಹೊಸ ಕಾಲುವೆಯೊಂದನ್ನು ತೆರೆದು ನದಿಯ ಹರಿವನ್ನೇ ಹಿಮ್ಮೊಗವಾಗಿಸಿದರು. ಸರೋವರಕ್ಕೆ ಬೀಳುತ್ತಿದ್ದ ನದಿ ಅಂದಿನಿಂದ ಸರೋವರವನ್ನು ಬಿಟ್ಟು ಹೊರಕ್ಕೆ ಹರಿಯತೊಡಗಿತು. ಕೆಳಗಿನ ಮಿಸ್ಸೂರಿ ರಾಜ್ಯದವರು ಷಿಕಾಗೋದ ಕೊಳಚೆ ತಮ್ಮ ಪಾಲಿಗೆ ಬಂದಿತೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಹಾನಿ ಸಿದ್ಧವಾಗಲಿಲ್ಲವೆಂದು 1906ರಲ್ಲಿ ಆ ವ್ಯಾಜ್ಯ ಬಿದ್ದುಹೋಯಿತು. ತನ್ನ ನೀರನ್ನು ಶುಚಿ ಮಾಡಿಕೊಳ್ಳಲು ಕೆಳಗಿನವರ ನೀರನ್ನು ಕೆಡಿಸುವ ನ್ಯಾಯ ಅಷ್ಟೇನೂ ಹೊಗಳತಕ್ಕದ್ದಲ್ಲವಾದರೂ, ಊರು ಒಟ್ಟಾಗಿ ತೆರಿಗೆ ಕೊಟ್ಟು ಒಟ್ಟಾಗಿ ನೆಲವನ್ನೆತ್ತಿದ ಅಭ್ಯಾಸ ಷಿಕಾಗೋದಲ್ಲಿ ಉಳಿದುಬಂದಿತು. 1975ರಲ್ಲಿ ಆರಂಭವಾದ ಆಳಸುರಂಗಗಳ ಯೋಜನೆ ಇದಕ್ಕೆ ಸಾಕ್ಷಿ. ಮಳೆನೀರನ್ನೂ ಕೊಳಚೆಯನ್ನೂ ತಡೆದು ಹಿಡಿಯಲು ನಗರದ ಅಡಿಯಲ್ಲಿ ಸುಮಾರು 175 ಕಿಲೋಮೀಟರು ಸುರಂಗವನ್ನು ಕೊರೆದಿದ್ದಾರೆ. ಹಾಗಿದ್ದೂ ಜಡಿಮಳೆಯ ದಿನ ನೆಲಮಾಳಿಗೆಗಳಿಗೆ ನೀರು ನುಗ್ಗುವುದು ಪೂರ್ಣವಾಗಿ ನಿಂತಿಲ್ಲ.

ಷಿಕಾಗೋದ ನದಿ ತಿರುಗಿದ ಅದೇ 1900ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನ ಆಗ್ನೇಯಕ್ಕಿರುವ ಗ್ಯಾಲ್ವೆಸ್ಟನ್ ದ್ವೀಪನಗರ ಚಂಡಮಾರುತಕ್ಕೆ ಸಿಕ್ಕಿ ನಾಶವಾಯಿತು. ಕಡಿಮೆಯೆಂದರೂ ಆರು ಸಾವಿರ ಜನ ಸತ್ತರು. ಸಮುದ್ರದ ಅಂಚಿನ ಬಂದರು ಅಪಾಯವೆಂದು ಕಂಡಮೇಲೆ ಒಳನಾಡಿನ ಹ್ಯೂಸ್ಟನ್ ಬಾಯೂವನ್ನು ಅಗೆದು ಆಳಗೊಳಿಸಿ 1914ರಲ್ಲಿ ಹಡಗುಗಾಲುವೆಯನ್ನು ತೆರೆಯಿತು. 1901ರಲ್ಲಿ ಸಮೀಪದ ಸ್ಪಿಂಡಲ್‌ಟಾಪ್‌ನಲ್ಲಿ ಕಲ್ಲೆಣ್ಣೆ ಚಿಮ್ಮಿತ್ತು. ಎಣ್ಣೆ, ಕಾಲುವೆ, ಆಮೇಲೆ ಮನೆಮನೆಗೆ ಬಂದ ಹವಾನಿಯಂತ್ರಣ, ಈ ಮೂರರಿಂದ ಊರು ಬೆಳೆಯಿತು. 1950ರಲ್ಲಿ ಷಿಕಾಗೋದಲ್ಲಿ 36 ಲಕ್ಷ ಜನ, ಹ್ಯೂಸ್ಟನ್ನಿನಲ್ಲಿ 6 ಲಕ್ಷಕ್ಕೂ ತುಸು ಕಡಿಮೆ. 2020ರ ಜನಗಣತಿಯಲ್ಲಿ ಷಿಕಾಗೋ 27 ಲಕ್ಷಕ್ಕೆ ಇಳಿದಿತ್ತು, ಹ್ಯೂಸ್ಟನ್ 23 ಲಕ್ಷಕ್ಕೆ ಏರಿತ್ತು. ಜನ ಕಾಲಿನಿಂದ ಕೊಟ್ಟ ತೀರ್ಪು ಇದು. ಅದನ್ನು ಹಗುರವಾಗಿ ತಳ್ಳಿಹಾಕಲಾಗದು.

ಹ್ಯೂಸ್ಟನ್ನಿನ ಆಕರ್ಷಣೆಗೆ ಮುಖ್ಯ ಕಾರಣ ಮನೆ. ಷಿಕಾಗೋ ಸುಮಾರು 600 ಚದರ ಕಿಲೋಮೀಟರಿನಲ್ಲಿ ಒತ್ತಾಗಿ ಕುಳಿತಿದ್ದರೆ ಹ್ಯೂಸ್ಟನ್ 1,600ಕ್ಕೂ ಮಿಕ್ಕ ಚದರ ಕಿಲೋಮೀಟರಿನಲ್ಲಿ ಕಾಲು ಚಾಚಿಕೊಂಡಿದೆ. ಇಂಥ ಭಾಗದಲ್ಲಿ ವಾಸದ ಮನೆ, ಇಂಥ ಭಾಗದಲ್ಲಿ ಅಂಗಡಿ ಅಥವಾ ಕಾರ್ಖಾನೆ ಎಂದು ನಗರವನ್ನು ವಿಭಾಗಿಸುವ ಕಾನೂನು ಆ ದೇಶದ ದೊಡ್ಡ ಊರುಗಳಲ್ಲಿ ಸಾಮಾನ್ಯ. ಹ್ಯೂಸ್ಟನ್ನಿಗರು 1948, 1962 ಮತ್ತು 1993ರಲ್ಲಿ ಮತ ಹಾಕಿ ಅದನ್ನು ಮೂರು ಬಾರಿ ತಿರಸ್ಕರಿಸಿದರು. ಬಡಾವಣೆಯವರು ತಮ್ಮ ಕ್ರಯಪತ್ರಗಳಲ್ಲಿ ಬರೆದುಕೊಂಡ ನಿಬಂಧನೆಗಳೇ ಅಲ್ಲಿ ಬಹುಮಟ್ಟಿಗೆ ಆ ಕೆಲಸವನ್ನು ಮಾಡುತ್ತವೆ. ಕಟ್ಟಲು ಅಡ್ಡಿ ಕಡಿಮೆಯಾದ್ದರಿಂದ ಮನೆ ಹೇರಳ, ಬೆಲೆ ಮಿತ. ಟೆಕ್ಸಾಸ್ ರಾಜ್ಯಕ್ಕೆ ಆದಾಯ ತೆರಿಗೆಯೇ ಇಲ್ಲ. ಇಲಿನಾಯ್ ರಾಜ್ಯದಲ್ಲಿ 2017ರಿಂದ ನೂರಕ್ಕೆ 4.95ರಂತೆ ಕೊಡಬೇಕು. ಮನೆಕಂದಾಯ ಮಾತ್ರ ಎರಡು ಕಡೆಯೂ ಭಾರವೇ. ವೈದ್ಯಕೀಯ ವೃತ್ತಿಯವರಿಗಂತೂ ಹ್ಯೂಸ್ಟನ್ ತವರಿನಂತಿದೆ. 1941ರಲ್ಲಿ ಸ್ಥಾಪಿತವಾದ ಎಂ. ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯನ್ನೊಳಗೊಂಡ ಅಲ್ಲಿನ ಆಸ್ಪತ್ರೆಗಳ ಸಮುಚ್ಚಯ ತಾನೇ ಒಂದು ಊರು.

ಆದರೆ ಅಡ್ಡಿಯಿಲ್ಲದೆ ಕಟ್ಟಿದ ಮನೆ ನೀರಿನ ದಾರಿಯಲ್ಲಿ ಕಟ್ಟಿದ ಮನೆಯೂ ಆಗಿರಬಹುದು. 1929 ಮತ್ತು 1935ರ ಪ್ರವಾಹಗಳ ಬಳಿಕ ಊರಿನ ಪಶ್ಚಿಮಕ್ಕೆ ಆಡಿಕ್ಸ್ ಮತ್ತು ಬಾರ್ಕರ್ ಎಂಬ ಎರಡು ಮಣ್ಣಿನ ಅಣೆಕಟ್ಟುಗಳನ್ನು ಹಾಕಿದರು. ಇವು ಕೆರೆಗಳಲ್ಲ, ಬಹುಕಾಲ ಒಣಗಿದ್ದು ದೊಡ್ಡ ಮಳೆಯಲ್ಲಿ ಮಾತ್ರ ತುಂಬುವಂಥವು. ಪೂರ್ಣ ತುಂಬಿದರೆ ನೀರು ಸರ್ಕಾರದ ಎಲ್ಲೆಯನ್ನು ದಾಟಿ ಖಾಸಗಿ ಭೂಮಿಗೆ ಹಬ್ಬುತ್ತದೆ. ಆ ಭೂಮಿಯಲ್ಲಿ ದನ ಮೇಯುತ್ತಿರುವವರೆಗೆ ಚಿಂತೆಯಿರಲಿಲ್ಲ. ಮುಂದೆ ಅಲ್ಲಿ ಬಡಾವಣೆಗಳೆದ್ದವು, ಸಾವಿರಾರು ಸಂಸಾರಗಳು ಬಂದು ನೆಲೆಸಿದವು; ತಾವು ಕೆರೆಯಂಗಳದಲ್ಲಿ ವಾಸವಾಗಿದ್ದೇವೆಂದು ಎಷ್ಟೋ ಮಂದಿಗೆ ತಿಳಿದೇ ಇರಲಿಲ್ಲ. 2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ಆ ಪ್ರದೇಶದ ಮೇಲೆ ನಾಲ್ಕಾರು ದಿನ ನಿಂತು ಸುರಿಯಿತು. ಅಣೆಕಟ್ಟಿನ ಮೇಲುಭಾಗದ ಮನೆಗಳು ಹಿನ್ನೀರಿನಲ್ಲಿ ನಿಂತವು. ಕಟ್ಟೆ ಒಡೆಯದಿರಲೆಂದು ನೀರು ಬಿಟ್ಟಾಗ ಕೆಳಗಿನ ಮನೆಗಳೂ ಮುಳುಗಿದವು. ಮೇಲುಭಾಗದವರ ದಾವೆಯಲ್ಲಿ ಒಕ್ಕೂಟ ಸರ್ಕಾರವೇ ಹೊಣೆಯೆಂದು 2019ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಹಿಂದಿನ ವರ್ಷವೇ ಆ ಜಿಲ್ಲೆಯ ಜನ ಪ್ರವಾಹ ನಿಯಂತ್ರಣಕ್ಕಾಗಿ 250 ಕೋಟಿ ಡಾಲರುಗಳ ಸಾಲಪತ್ರಕ್ಕೆ ಮತ ಹಾಕಿ ಒಪ್ಪಿಗೆ ನೀಡಿದ್ದರು. ಷಿಕಾಗೋ 1850ರ ದಶಕದಲ್ಲಿ ಕಲಿತ ಪಾಠವನ್ನು ಹ್ಯೂಸ್ಟನ್ ಈಚೆಗೆ ಕಲಿಯುತ್ತಿದೆ ಎನ್ನಬೇಕಾಗುತ್ತದೆ.

ಇಷ್ಟು ಹೇಳಿದೊಡನೆ ಷಿಕಾಗೋವೇ ಲೇಸೆಂಬ ನಿರ್ಣಯಕ್ಕೆ ಬರುವುದು ಆತುರವಾದೀತು. ನೆರೆಯ ಮೊದಲ ಅರ್ಥವನ್ನಿನ್ನೂ ವಿಚಾರಿಸಿಲ್ಲ.

ಷಿಕಾಗೋ ಚಳಿಯ ಊರು; 2019ರ ಜನವರಿ 30ರಂದು ಅಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಂಟಿಗ್ರೇಡಿಗೂ ಕೆಳಗಿಳಿದಿತ್ತು. ಹ್ಯೂಸ್ಟನ್ ಸೆಕೆಯ ಊರು. ಆದರೆ ಚಳಿಯ ಊರಿನಲ್ಲಿ 1995ರ ಜುಲೈ ತಿಂಗಳ ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಬಿಸಿಲ ಧಗೆಯಿಂದ ಸತ್ತರು. ಸೆಕೆಯ ಊರು ಇರುವ ಟೆಕ್ಸಾಸ್ ರಾಜ್ಯದಲ್ಲಿ 2021ರ ಫೆಬ್ರವರಿಯ ಹಿಮಗಾಳಿಗೆ, ಸರ್ಕಾರದ ಎಣಿಕೆಯಂತೆಯೇ, 246 ಮಂದಿ ಬಲಿಯಾದರು. ಟೆಕ್ಸಾಸಿನ ವಿದ್ಯುಜ್ಜಾಲ ಬಹುಮಟ್ಟಿಗೆ ನೆರೆರಾಜ್ಯಗಳ ಜಾಲದಿಂದ ಪ್ರತ್ಯೇಕವಾದುದು. ಉತ್ಪಾದನೆ ಕುಸಿದಾಗ ಹೊರಗಿನಿಂದ ಸಾಕಷ್ಟು ತರಲಾಗಲಿಲ್ಲ. ದೇಶದ ಎಣ್ಣೆಯ ರಾಜಧಾನಿಯಲ್ಲಿ ಜನ ಕತ್ತಲಲ್ಲಿ ನಡುಗಿದರು. ಎರಡು ಊರುಗಳೂ ತಮಗೆ ಪರಿಚಿತವಾದ ಶತ್ರುವಿಗೆ ಸಿದ್ಧವಾಗಿದ್ದು ಅಪರಿಚಿತನಿಗೆ ಬಾಗಿಲು ತೆರೆದಿಟ್ಟಿದ್ದುವು.

1995ರಲ್ಲಿ ಸತ್ತವರಾರು ಎಂಬುದನ್ನು ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಪರಿಶೀಲಿಸಿ 2002ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಸತ್ತವರಲ್ಲಿ ಬಹುಮಂದಿ ವೃದ್ಧರು, ಏಕಾಂಗಿಗಳು, ಬಡವರು. ಕಳ್ಳರ ಭಯಕ್ಕೆ ಕಿಟಕಿ ಮುಚ್ಚಿಕೊಂಡು, ವಿದ್ಯುತ್ತಿನ ಖರ್ಚಿಗೆ ಹೆದರಿ, ಮುಚ್ಚಿದ ಕೋಣೆಯಲ್ಲಿ ಬೆಂದು ಹೋದವರು. ಅಲ್ಲಿ ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್ ಎಂದು ಒಂದಕ್ಕೊಂದು ಅಂಟಿಕೊಂಡ ಎರಡು ಕೇರಿಗಳಿವೆ. ಎರಡರಲ್ಲಿಯೂ ಬಡತನವಿತ್ತು, ಒಂಟಿ ವೃದ್ಧರೂ ಇದ್ದರು. ಆದರೆ ಮೊದಲನೆಯದರಲ್ಲಿ ಸಾವಿನ ಪ್ರಮಾಣ ಎರಡನೆಯದರ ಹಲವು ಪಟ್ಟು. ಮೊದಲನೆಯದರಲ್ಲಿ ಕಾರ್ಖಾನೆಗಳು ಹೋಗಿ, ಅಂಗಡಿಗಳು ಮುಚ್ಚಿ, ಬೀದಿ ಬಿಕೋ ಎನ್ನುತ್ತಿತ್ತು. ಎರಡನೆಯದರಲ್ಲಿ ಬಹುಪಾಲು ಮೆಕ್ಸಿಕೋ ಮೂಲದ ಸಂಸಾರಗಳು ತುಂಬಿ, ಅಂಗಡಿಬೀದಿ ಜನದಿಂದ ಗಿಜಿಗುಟ್ಟುತ್ತಿತ್ತು. ಮುದುಕರು ಮನೆಯಿಂದ ಹೊರಬರಲು ಅಲ್ಲಿ ಕಾರಣವಿತ್ತು, ಧೈರ್ಯವಿತ್ತು; ಬಾರದಿದ್ದರೆ ಕೇಳುವವರಿದ್ದರು.

ನಾರ್ತ್ ಲಾನ್‌ಡೇಲ್ ಹೀಗಾದದ್ದು ತಾನಾಗಿ ಅಲ್ಲ. ಕರಿಯರಿಗೆ ಬೇರೆಡೆ ಮನೆ ದೊರೆಯದಂತೆ ಷಿಕಾಗೋ ದಶಕಗಳ ಕಾಲ ನೋಡಿಕೊಂಡಿತ್ತು. ಇದನ್ನು ಪ್ರತಿಭಟಿಸಲೆಂದೇ ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಅದೇ ಕೇರಿಯಲ್ಲಿ ಮನೆ ಹಿಡಿದರು. ಆ ಆಗಸ್ಟಿನ ಮೆರವಣಿಗೆಯಲ್ಲಿ ಅವರ ಮೇಲೆ ಕಲ್ಲು ಬಿದ್ದಿತು. ಸರೋವರದ ಬದಿಯ ಸಂಪನ್ನ ಕೇರಿಯ ಜನರ ಸರಾಸರಿ ಆಯುಸ್ಸು ಸುಮಾರು 90 ವರ್ಷ, ಕೆಲವೇ ಮೈಲಿ ದಕ್ಷಿಣದ ಎಂಗಲ್‌ವುಡ್‌ನಲ್ಲಿ ಸುಮಾರು 60 ವರ್ಷ ಎಂದು 2019ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿಕೊಟ್ಟರು. ಒಂದೇ ನಗರಸಭೆ, ಒಂದೇ ಸರೋವರದ ನೀರು, ಮೂವತ್ತು ವರ್ಷಗಳ ಅಂತರ! ಆದುದರಿಂದ ‘ಷಿಕಾಗೋದಲ್ಲಿ ವಾಸ’ ಎಂಬ ಮಾತಿಗೆ, ಯಾವ ಕೇರಿಯೆಂದು ಹೇಳದ ಹೊರತು, ಅರ್ಥವೇ ಇಲ್ಲ.

ಆದರೂ ವಾಹನ ನಡೆಸಲು ಬಾರದ ಹಿರಿಯರಿಗೆ ಷಿಕಾಗೋದಲ್ಲಿ ಒಂದು ಅನುಕೂಲವುಂಟು. 1892ರಿಂದ ಅಲ್ಲಿ ಕಂಬಗಳ ಮೇಲಿನ ರೈಲು ಓಡುತ್ತಿದೆ. ಬೀದಿಗಳು ಚದುರಂಗದ ಮನೆಗಳಂತೆ ಇರುವುದರಿಂದ ದಾರಿ ತಪ್ಪುವುದು ಕಷ್ಟ. ಸರೋವರದ ದಡವಂತೂ ಬಹುತೇಕ ಎಲ್ಲರದು. 1836ರ ಒಂದು ನಕಾಶೆಯ ಮೇಲೆ, ಈ ಜಾಗ ಕಟ್ಟಡವಿಲ್ಲದೆ ಸಾರ್ವಜನಿಕರಿಗೆ ಎಂದೆಂದಿಗೂ ತೆರೆದಿರಬೇಕೆಂಬ ಅರ್ಥದ ಒಕ್ಕಣೆ ಬರೆದಿತ್ತು. ಊರಿನ ದೊಡ್ಡವರು ಅದನ್ನು ಮರೆಯಲು ಹವಣಿಸಿದಾಗ ಮಾಂಟ್‌ಗೊಮೆರಿ ವಾರ್ಡ್ ಎಂಬ ವ್ಯಾಪಾರಿ 1890ರಿಂದ ಎರಡು ದಶಕ ನ್ಯಾಯಾಲಯಗಳಿಗೆ ಅಲೆದು, ಗೆಳೆಯರನ್ನು ಕಳೆದುಕೊಂಡು, ಆ ಬಯಲನ್ನು ಉಳಿಸಿದ. ಬೇಸಗೆಯ ಸಂಜೆ ಅಲ್ಲಿ ಬಿಟ್ಟಿಯಾಗಿ ಗಾಳಿ ಸೇವಿಸುವ ಲಕ್ಷಾಂತರ ಜನರಲ್ಲಿ ಅವನ ಹೆಸರು ಬಲ್ಲವರು ವಿರಳ. ಹ್ಯೂಸ್ಟನ್ನಿನಲ್ಲಿ ನಗರರೈಲು ಬಂದುದು 2004ರಲ್ಲಿ, ಅದೂ ಊರಿನ ಸ್ವಲ್ಪ ಭಾಗಕ್ಕೆ. ಅಲ್ಲಿನ ಕೇಟಿ ಹೆದ್ದಾರಿ, ಪಕ್ಕದ ದಾರಿಗಳೂ ಸೇರಿ, ಕೆಲವೆಡೆ 26 ಸಾಲುಗಳಷ್ಟು ಅಗಲ. ಮಗನೂ ಸೊಸೆಯೂ ಕೆಲಸಕ್ಕೆ ಹೋದಮೇಲೆ ವಿಶಾಲವಾದ ಮನೆಯಲ್ಲಿ ಕುಳಿತ ತಂದೆಗೆ ಒಂದು ಅಂಚೆಚೀಟಿ ತರಲೂ ಸಂಜೆಯವರೆಗೆ ಕಾಯುವುದೇ ಗತಿ.

ಕನ್ನಡಿಗರ ಪಾಲಿಗೆ ಎರಡೂ ಹೊಸ ಊರುಗಳಲ್ಲ. 1893ರಲ್ಲಿ ವಿವೇಕಾನಂದರು ಮಾತನಾಡಿದ ಷಿಕಾಗೋ ಎಲ್ಲರಿಗೂ ಗೊತ್ತು. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಆ ನಗರದ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದಾಗಲೇ 1973ರಲ್ಲಿ ಶರಣರ ವಚನಗಳ ಇಂಗ್ಲಿಷ್ ಅನುವಾದ ಬೆಳಕಿಗೆ ಬಂದಿತು, 1993ರಲ್ಲಿ ಅಲ್ಲಿಯೇ ಅವರು ತೀರಿಕೊಂಡರು. ಅಮೆರಿಕಾದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ ತನ್ನ ಮೊದಲ ವಿಶ್ವ ಸಮ್ಮೇಳನವನ್ನು 2000ದಲ್ಲಿ ಹ್ಯೂಸ್ಟನ್ನಿನಲ್ಲಿ ನಡೆಸಿತು.

ಮನೆ ಹಿಡಿಯುವವರು ಆಯಾ ಊರಿನ ಕಾನೂನನ್ನು ತಿಳಿದಿರುವುದು ಒಳ್ಳೆಯದು. ಸೆಪ್ಟೆಂಬರ್ ಮಧ್ಯದಿಂದ ಜೂನ್ ಮೊದಲ ದಿನದವರೆಗೆ ಹಗಲಿನಲ್ಲಿ ಬಾಡಿಗೆಮನೆಯ ಒಳಗೆ ಸುಮಾರು 20 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಒದಗಿಸುವುದು, ಶಾಖದ ವ್ಯವಸ್ಥೆ ಮಾಲೀಕನ ಕೈಯಲ್ಲಿರುವಲ್ಲಿ, ಷಿಕಾಗೋದಲ್ಲಿ ಅವನ ಕರ್ತವ್ಯ. ಟೆಕ್ಸಾಸಿನಲ್ಲಿ ಮನೆ ಮಾರುವವನು ಅದಕ್ಕೆ ಹಿಂದೆ ನೆರೆ ನುಗ್ಗಿತ್ತೇ ಎಂಬುದನ್ನು ಬರೆದುಕೊಡಬೇಕೆಂದು 2019ರ ಶಾಸನ ವಿಧಿಸಿತು. 2022ರಿಂದ ಬಾಡಿಗೆಗೆ ಕೊಡುವವನೂ ಹೇಳಬೇಕು. ವೃದ್ಧರೊಬ್ಬರು ಒಂಟಿಯಾಗಿದ್ದು ಸುದ್ದಿ ತಿಳಿಯದಿದ್ದರೆ ಷಿಕಾಗೋದಲ್ಲಿ 311 ಸಂಖ್ಯೆಗೆ ದೂರವಾಣಿ ಮಾಡಿ, ಹೋಗಿ ನೋಡಿಬರುವಂತೆ ನಗರಸಭೆಯನ್ನು ಕೇಳಬಹುದು. ಹ್ಯೂಸ್ಟನ್ ಕಡೆ 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಬೀಸಿ ಇಪ್ಪತ್ತು ಲಕ್ಷಕ್ಕೂ ಮೀರಿದ ಗ್ರಾಹಕರಿಗೆ ವಿದ್ಯುತ್ತು ನಿಂತು, ಹಲವರಿಗೆ ವಾರವಾದರೂ ಬಾರದಿದ್ದಾಗ, ಆ ಸೆಕೆಯಲ್ಲಿ ಹಿರಿಯರ ವಸತಿಗೃಹಗಳ ಬಾಗಿಲು ತಟ್ಟಿ ವಿಚಾರಿಸುವ ಕೆಲಸವನ್ನು ಆ ನಗರವೂ ಮಾಡಬೇಕಾಯಿತು.