ಎರಡು ಪಂಚಾಂಗ, ಒಂದು ಹೊಟ್ಟೆ

ನರೋಡಾದ ಕನ್ನಡಿಗರ ಅಡುಗೆಮನೆಯ ಗೋಡೆಯ ಮೇಲೆ ಎರಡು ಪಂಚಾಂಗಗಳು ತೂಗಾಡುತ್ತಿರುವುದು ಅಪರೂಪದ ದೃಶ್ಯವೇನಲ್ಲ. ಒಂದು ಊರಿನಿಂದ ಬಂದುದು. ಇನ್ನೊಂದು ಕಿರಾಣಿ ಅಂಗಡಿಯವನು ಪ್ರೀತಿಯಿಂದ ಕೊಟ್ಟ ಗುಜರಾತಿ ಕ್ಯಾಲೆಂಡರು. ಊರು ಬಿಟ್ಟು ಬಂದವನು ಎರಡು ಸಂಸ್ಕೃತಿಗಳಿಗೆ ವಾರಸುದಾರನಾಗುತ್ತಾನೆಂದು ವಿದ್ವಾಂಸರು ಹೇಳುವುದುಂಟು. ಆ ಮಾತಿನ ಸತ್ಯವನ್ನು ತಲೆಗಿಂತ ಮೊದಲು ಅರಿಯುವುದು ಹೊಟ್ಟೆ. ಪಂಚಾಂಗಗಳು ಎರಡಾದರೂ ಬ್ರಹ್ಮದೇವನು ದಯಪಾಲಿಸಿದ ಹೊಟ್ಟೆ ಒಂದೇ ಎಂಬುದು ಇಲ್ಲಿಯ ಮೂಲ ಸಮಸ್ಯೆ.

ಸಂಕ್ರಾಂತಿಯನ್ನೇ ನೋಡಬಹುದು. ಬೆಳಿಗ್ಗೆ ಕನ್ನಡ ಸಂಪ್ರದಾಯದಂತೆ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಸಿಹಿ ಹುಗ್ಗಿ. ಮಧ್ಯಾಹ್ನ ಗಾಳಿಪಟ ನೋಡಲು ಮಹಡಿಗೆ ಹೋದರೆ ಅಲ್ಲಿ ಉತ್ತರಾಯಣದ ಚಿಕ್ಕಿ, ಊಂಧಿಯು, ಜಲೇಬಿ. ಮರುದಿನವಾದರೂ ಹೊಟ್ಟೆಗೆ ಬಿಡುವುಂಟೇ? ಜನವರಿ 15 'ವಾಸಿ ಉತ್ತರಾಯಣ', ಅಂದರೆ ತಂಗಳು ಉತ್ತರಾಯಣ! ಅನ್ನಕ್ಕೆ ತಂಗಳುಂಟೆಂದು ತಿಳಿದಿದ್ದ ಕನ್ನಡಿಗನು ಹಬ್ಬಕ್ಕೂ ತಂಗಳುಂಟೆಂಬುದನ್ನು ಇಲ್ಲಿ ಬಂದು ಕಲಿಯುತ್ತಾನೆ. ಶ್ರಾವಣದಲ್ಲಿ ನಾಗರ ಪಂಚಮಿಯ ಉಂಡಿಗಳ ಡಬ್ಬಿ ಬರಿದಾಗುವಷ್ಟರಲ್ಲಿ ಶೀತಳಾ ಸಾತಮ್ ಬರುತ್ತದೆ. ಅಂದು ಗುಜರಾತಿ ಮನೆಗಳಲ್ಲಿ ಒಲೆ ಹೊತ್ತಿಸುವಂತಿಲ್ಲ. ಹಿಂದಿನ ದಿನವೇ ಕರಿದು, ಬೇಯಿಸಿ ಇಟ್ಟುದನ್ನು ಉಣ್ಣಬೇಕು. ನೆರೆಮನೆಯ ತಟ್ಟೆ ಕನ್ನಡಿಗರ ಬಾಗಿಲಿಗೂ ಬರುತ್ತದೆ. ದಸರೆಯ ದಿನ ಮನೆಯಲ್ಲಿ ಹೋಳಿಗೆ, ಬೀದಿಯಲ್ಲಿ ಫಾಫ್ಡಾ-ಜಲೇಬಿಗಾಗಿ ಸಾಲು. ಬಲಿಪಾಡ್ಯಮಿಯಂದೇ ಗುಜರಾತಿಗಳ ಹೊಸ ವರ್ಷ 'ಬೇಸ್ತು ವರಸ್'. ಬಲಿ ಚಕ್ರವರ್ತಿಯು ವರ್ಷಕ್ಕೊಮ್ಮೆ ಭೂಮಿಗೆ ಬರುವ ಆ ದಿನ ಇಲ್ಲಿಯ ಕನ್ನಡಿಗನು ಹತ್ತು ಮನೆಗಳ ಮಿಠಾಯಿಗೆ ತಾನೇ ಬಲಿಯಾಗುತ್ತಾನೆ.

ಬೇಡವೆಂದರಾಯಿತಲ್ಲ ಎಂದು ಕೆಲವರು ಕೇಳಬಹುದು. ಅಲ್ಲಿಯೇ ಭಾಷೆಯ ತೊಡಕು. ಅತಿಥಿಯನ್ನು ಒತ್ತಾಯಿಸಿ ಉಣಿಸುವುದಕ್ಕೆ ಗುಜರಾತಿಯಲ್ಲಿ 'ಆಗ್ರಹ' ಎಂದು ಹೆಸರು. ಆಗ್ರಹವಿಲ್ಲದ ಊಟ ಉಪ್ಪಿಲ್ಲದ ಸಾರಿನಂತೆ. ಕನ್ನಡದಲ್ಲಿ ಅದೇ ಶಬ್ದಕ್ಕೆ ಸಿಟ್ಟೆಂಬ ಅರ್ಥವೂ ಉಂಟು. ಗುಜರಾತಿ ಆಗ್ರಹವನ್ನು ಒಲ್ಲೆನೆಂದರೆ ಎದುರಿಗೆ ಬರುವುದು ಕನ್ನಡದ ಆಗ್ರಹ! ಕನ್ನಡಿಗರೇನೂ ಈ ವಿದ್ಯೆಯಲ್ಲಿ ಹಿಂದುಳಿದವರಲ್ಲ. "ಇನ್ನೊಂದೇ ಒಂದು ಹಾಕಿಸ್ಕೊಳ್ರಿ, ನನ್ನಾಣೆ" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವನ ಬೆರಳ ಸಂದಿಯಲ್ಲಿಯೇ ಹೋಳಿಗೆ ತೂರಿಸಬಲ್ಲ ಗೃಹಿಣಿಯರು ಧಾರವಾಡದ ಕಡೆಯಿಂದ ಎಷ್ಟೋ ಮಂದಿ ಬಂದಿದ್ದಾರೆ. ತಾನು ಬೇಡವೆಂದು ಕೈ ಅಡ್ಡ ಹಿಡಿದವನೇ, ಮುಂದಿನ ವಾರ ತನ್ನ ಮನೆಗೆ ಬಂದವರ ಕೈಯನ್ನು ಸರಿಸಿ ಬಡಿಸುತ್ತಾನೆ.

ಉಂಡದ್ದು ಕರಗಿದ್ದರೆ ಚಿಂತೆಯಿರಲಿಲ್ಲ. ನರೋಡಾ ರಸ್ತೆಯ ಅರವಿಂದ ಮಿಲ್ಲು ಆರಂಭವಾದುದು 1931ರಲ್ಲಿ. ಗಿರಣಿಗಳ ಆ ಕಾಲದ ಕೆಲಸಗಾರನು ನಡೆದೋ ಸೈಕಲ್ಲು ತುಳಿದೋ ಪಾಳಿಗೆ ಹೋಗಿ, ಮಗ್ಗದ ಮುಂದೆ ಗಂಟೆಗಟ್ಟಲೆ ನಿಂತು ದುಡಿಯುತ್ತಿದ್ದನು. ದಾಳಿಯಲ್ಲಿದ್ದ ಬೆಲ್ಲ ಮನೆಗೆ ಮರಳುವ ಮುನ್ನವೇ ಬೆವರಾಗುತ್ತಿತ್ತು. ಇಂದು ಸೊಸೈಟಿಯ ಗೇಟಿನಾಚೆಯ ಅಂಗಡಿಯಿಂದ ಹಾಲಿನ ಪೊಟ್ಟಣ ತರಲೂ ಸ್ಕೂಟರು ಹೊರಡುತ್ತದೆ. ಬೇಸಿಗೆಯಲ್ಲಿ ನಡೆಯೋಣವೆಂದರೆ ಬಿಸಿಲು. 2016ರ ಮೇ 20ರಂದು ಅಹಮದಾಬಾದಿನ ಉಷ್ಣತೆ 48 ಡಿಗ್ರಿ ಮುಟ್ಟಿದ್ದು ಎಲ್ಲರಿಗೂ ನೆನಪಿದೆ. ಮಳೆಗಾಲದಲ್ಲಿ ಕೆಸರು, ಚಳಿಗಾಲದಲ್ಲಿ ಬೆಳಗಿನ ನಿದ್ರೆ ಸವಿ. ಭಾನುವಾರ ಛಲದಿಂದ ಹೊರಟವರ ನಡಿಗೆಯು ಫಾಫ್ಡಾ ಅಂಗಡಿಯ ಮುಂದೆ ಮಂಗಳ ಹಾಡುತ್ತದೆ.

ಯಾವ ತೊಂದರೆಗೂ ಗುಜರಾತಿ ನೆರೆಯವನು 'ಚಾಲಶೇ' ಎನ್ನುತ್ತಾನೆ. ಕನ್ನಡಿಗನು 'ನಡೀತದ ಬಿಡ್ರಿ' ಎನ್ನುತ್ತಾನೆ. ಎರಡು ಮಾತಿನ ಅರ್ಥವೂ ಒಂದೇ. ಎರಡೂ ಭಾಷೆಗಳಲ್ಲಿ ಎಲ್ಲವೂ ನಡೆಯುತ್ತದೆ, ನಡೆಯದವನು ಮನುಷ್ಯನೊಬ್ಬನೇ!

ಇಲ್ಲಿಗೆ ನಗೆ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು, ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆಂದೂ ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ಈ ರೋಗದ ಕೆಟ್ಟ ಗುಣವೆಂದರೆ ಅದರ ಮೌನ. ಹಲ್ಲುನೋವಿನಂತೆ ಅದು ಕೂಗಿ ಕರೆಯುವುದಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಕಣ್ಣು, ಮೂತ್ರಪಿಂಡ, ಹೃದಯ, ಪಾದದ ನರಗಳನ್ನು ಕೆಡಿಸುತ್ತದೆ. ಕಾಲಿಗೆ ಮುಳ್ಳು ನಾಟಿದ್ದೂ ತಿಳಿಯದಂತಾದ ಮೇಲೆ ಎಚ್ಚತ್ತರೆ ಬಹಳ ತಡವಾಗಿರುತ್ತದೆ.

ಇದಕ್ಕೆ ವಲಸೆ ಬಂದವರದೇ ಆದ ಇನ್ನೊಂದು ಅಭ್ಯಾಸ ಕೂಡಿಕೊಳ್ಳುತ್ತದೆ. ರಕ್ತ ಪರೀಕ್ಷೆಯ ಮಾತೆತ್ತಿದರೆ, "ಊರಿಗೆ ಹೋದಾಗ ತೋರಿಸಿದರಾಯಿತು, ಅಲ್ಲಿ ಪರಿಚಯದ ಡಾಕ್ಟರಿದ್ದಾರೆ" ಎಂಬ ಉತ್ತರ. ಊರಿಗೆ ಹೋದಾಗ ಮದುವೆ, ಮುಂಜಿ, ಜಾತ್ರೆ. ಅಲ್ಲಿ ಕೇಳಿದರೆ, "ನಾಲ್ಕು ದಿನ ಇರಲು ಬಂದಿದ್ದೇವೆ, ಅಹಮದಾಬಾದಿನಲ್ಲಿ ದೊಡ್ಡ ಆಸ್ಪತ್ರೆಗಳಿವೆ" ಎಂಬ ಸಮಾಧಾನ. ಹೀಗೆ ಹಬ್ಬಗಳಿಗೆ ಎರಡು ಊರುಗಳಲ್ಲಿಯೂ ಜಾಗವುಂಟು, ಪರೀಕ್ಷೆಗೆ ಮಾತ್ರ ಎಲ್ಲಿಯೂ ಇಲ್ಲ. ರೋಗವು ರೈಲಿನ ಟಿಕೆಟ್ಟಿಗಾಗಿ ಕಾಯುವುದಿಲ್ಲವೆಂಬುದನ್ನು ಮನೆಯ ಹಿರಿಯರು ಅರಿಯಬೇಕು.

ಹಬ್ಬಗಳನ್ನು ಬಿಡಬೇಕಾಗಿಲ್ಲ, ಲೆಕ್ಕವಿಟ್ಟರೆ ಸಾಕು. ಬೆಲ್ಲ, ಜೇನುತುಪ್ಪ ಸಹಿತವಾಗಿ, ಮೇಲಿನಿಂದ ಸೇರಿಸುವ ಸಕ್ಕರೆಯು ದಿನಕ್ಕೆ ಸುಮಾರು 25 ಗ್ರಾಮ್, ಅಂದರೆ ಆರು ಚಹಾ ಚಮಚೆಗಳ ಒಳಗಿದ್ದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಎರಡೆರಡು ಚಮಚೆ ಹಾಕಿದ ಮೂರು ಲೋಟ ಚಹಾಕ್ಕೇ ಆ ಲೆಕ್ಕ ಮುಗಿಯಿತು. ದಾಳಿಯ ಬೆಲ್ಲವೂ ಜಲೇಬಿಯೂ ಸಾಲದ ಬಾಬತ್ತು. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಿನ ನಡಿಗೆ ಬೇಕೆಂಬುದು ಅದೇ ಸಂಸ್ಥೆಯ ಸಲಹೆ: ಐದು ದಿನ, ದಿನಕ್ಕೆ ಅರ್ಧ ಗಂಟೆ. ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಇದನ್ನು ಮುಗಿಸುವುದು ಕ್ಷೇಮ. ದರ್ಜಿಯ ಟೇಪಿನಲ್ಲಿ ಸೊಂಟವನ್ನೂ ಅಳೆಯಬಹುದು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಿದ್ದರೆ ನರೋಡಾದಲ್ಲಿಯೇ, ಈ ತಿಂಗಳಲ್ಲಿಯೇ, ರಕ್ತ ಪರೀಕ್ಷೆ ಮಾಡಿಸುವುದು ಜಾಣತನ. ಈಗಾಗಲೇ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ, ಪಥ್ಯಗಳನ್ನು ತಾವಾಗಿ ಬದಲಿಸಬಾರದು.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಬೇರೆ ಬೇರೆ ಎರಡು ಬುದ್ಧಿಮಾತುಗಳೆಂದು ಜನ ತಿಳಿದಿದ್ದಾರೆ. ಎರಡು ಪಂಚಾಂಗಗಳ ಮನೆಯಲ್ಲಿ ಅವು ಒಂದೇ. ಅರ್ಧ ಜಲೇಬಿ ತಿಂದು, ನೆರೆಯವರ ಮನಸ್ಸು ನೋಯದಂತೆ ನಗುತ್ತ 'ಬಸ್' ಎನ್ನಬಲ್ಲವನಿಗೆ ಊಟವೂ ಬಂತು, ಮಾತೂ ಬಂತು. ಬಡಿಸುವವರು ಒಂದೇ ಸಲ ಕೇಳಿ ಸುಮ್ಮನಾದರೆ ಅದಕ್ಕಿಂತ ದೊಡ್ಡ ಉಪಚಾರ ಬೇರೊಂದಿಲ್ಲ.