ಕ್ಯಾಮೆರಾದ ದೊಡ್ಡ ಅಂಕಿಯೂ ಸಭಾಗೃಹದ ದೀಪವೂ

ಪರನಾಡಿನ ಕನ್ನಡ ಸಂಘಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಯಕ್ಷಗಾನವನ್ನೋ ನಾಟಕವನ್ನೋ ಚಿತ್ರೀಕರಿಸಿ ಊರಿನ ಹಿರಿಯರಿಗೆ ಕಳುಹಿಸುವ ಹೊಣೆಯು, ಇಂದು ಬಹುಮಟ್ಟಿಗೆ ಕ್ಯಾಮೆರಾ ಉಳ್ಳ ಯಾವನಾದರೊಬ್ಬ ಗುಮಾಸ್ತನ ಅಥವಾ ಹೋಟೆಲು ನೌಕರನ ಹೆಗಲೇರುತ್ತದೆ. ಹಲವು ತಿಂಗಳ ಉಳಿತಾಯದಿಂದ ಕೊಂಡ ಆ ಯಂತ್ರವು ಅರ್ಧ ಪ್ರಸಂಗದಲ್ಲಿಯೇ ಕಾರ್ಡು ತುಂಬಿ ನಿಂತುಹೋದರೆ, ಕಳೆದ ಭಾಗವನ್ನು ಮರಳಿ ಪಡೆಯುವ ಉಪಾಯವಿಲ್ಲ. ವೇಷಧಾರಿಯು ನಮಗಾಗಿ ಮತ್ತೊಮ್ಮೆ ಕುಣಿಯಲಾರನು. ಆದುದರಿಂದ ಚಿತ್ರೀಕರಣದ ಕ್ರಮವನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಲೇಸು.

ಮೊದಲನೆಯದಾಗಿ ಒಂದು ಭ್ರಮೆಯನ್ನು ತೊರೆಯಬೇಕು. ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಅಚ್ಚಾದ ಮೆಗಾಪಿಕ್ಸೆಲ್ ಅಂಕಿಯು ಸ್ಥಿರಚಿತ್ರಕ್ಕೆ ಸಂಬಂಧಿಸಿದ್ದೇ ಹೊರತು ವಿಡಿಯೋಗೆ ಅಲ್ಲ. ೨೦೧೨ರಲ್ಲಿ ಬಂದ ನಿಕಾನ್ ಡಿ೮೦೦ ಕ್ಯಾಮೆರಾದ ಸ್ಥಿರಚಿತ್ರದಲ್ಲಿ ಸುಮಾರು ೩ ಕೋಟಿ ೬೦ ಲಕ್ಷ ಬಿಂದುಗಳಿದ್ದರೂ, ಅದರ ವಿಡಿಯೋ ಫುಲ್ ಎಚ್‌ಡಿ ಮಾತ್ರವಾಗಿತ್ತು. ಎಂದರೆ ೧೯೨೦ಕ್ಕೆ ೧೦೮೦, ಸುಮಾರು ೨೧ ಲಕ್ಷ ಬಿಂದುಗಳು. ಇಂದು ಸಾಮಾನ್ಯವಾಗಿರುವ ಫೋರ್‌ಕೆ ಚಿತ್ರದಲ್ಲಿ ೩೮೪೦ಕ್ಕೆ ೨೧೬೦, ಎಂದರೆ ಅದರ ನಾಲ್ಕು ಪಟ್ಟು ಬಿಂದುಗಳಿವೆ.

ನಾಲ್ಕು ಪಟ್ಟು ಎಂದೊಡನೆ ಅದನ್ನೇ ಆರಿಸಬೇಕೆಂದು ಅನಿಸುವುದು ಸಹಜ. ಆದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲವೆ? ಸೆಕೆಂಡಿಗೆ ೧೦೦ ಮೆಗಾಬಿಟ್ ದರದಲ್ಲಿ ಫೋರ್‌ಕೆ ಚಿತ್ರೀಕರಿಸಿದರೆ ಗಂಟೆಗೆ ೪೫ ಜಿಬಿ ಬೇಕಾಗುತ್ತದೆ. ೬೪ ಜಿಬಿಯ ಕಾರ್ಡು ಒಂದೂವರೆ ಗಂಟೆಯೂ ಬಾರದು. ಸೆಕೆಂಡಿಗೆ ೨೫ ಮೆಗಾಬಿಟ್ ದರದ ಫುಲ್ ಎಚ್‌ಡಿಯಾದರೆ ಅದೇ ಕಾರ್ಡಿನಲ್ಲಿ ಐದು ಗಂಟೆಗೂ ಮಿಕ್ಕಿ ಹಿಡಿಯಬಹುದು. ಮಗುವಿನ ನಾಮಕರಣದಂತಹ ಚಿಕ್ಕ ಸಮಾರಂಭಕ್ಕೆ, ಅಥವಾ ಚಿತ್ರದ ಒಂದು ಭಾಗವನ್ನು ಮುಂದೆ ಕತ್ತರಿಸಿ ದೊಡ್ಡದು ಮಾಡಬೇಕಾದಲ್ಲಿ, ಫೋರ್‌ಕೆ ಯುಕ್ತವಾದುದು. ದೀರ್ಘ ಪ್ರಸಂಗಕ್ಕೆ ಫುಲ್ ಎಚ್‌ಡಿಯೇ ನಂಬಿಕೆಯ ಆಳು. ಹಳೆಯ ಕ್ಯಾಮೆರಾಗಳಲ್ಲಿ ಅನೇಕವು ಅರ್ಧ ಗಂಟೆಗೆ ತಾವಾಗಿಯೇ ನಿಲ್ಲುತ್ತವೆ ಎಂಬುದನ್ನೂ ನೆನಪಿಡಬೇಕು.

ಇನ್ನು ದೀಪದ ವಿಚಾರ. ಇದನ್ನು ಗಮನಿಸುವವರು ವಿರಳ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದ್ದು. ಅದರಿಂದ ಉರಿಯುವ ಟ್ಯೂಬ್‌ಲೈಟು ಮೊದಲಾದ ದೀಪಗಳು ಸೆಕೆಂಡಿಗೆ ೧೦೦ ಬಾರಿ ಏರಿಳಿಯುತ್ತವೆ. ಕಣ್ಣಿಗೆ ಇದು ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಅಮೆರಿಕದ ೬೦ ಆವರ್ತಗಳಿಗೆ ಹೊಂದುವಂತೆ ಸೆಕೆಂಡಿಗೆ ೩೦ ಚಿತ್ರ, ಶಟರ್ ೧/೬೦ ಎಂದು ಇಟ್ಟರೆ ಚಿತ್ರವು ಮಿಣುಕುವುದುಂಟು, ಕಪ್ಪು ಪಟ್ಟೆಗಳು ಹರಿಯುವುದುಂಟು. ೨೦೦೮ರಲ್ಲಿ ಬಂದ ಕ್ಯಾನನ್ ೫ಡಿ ಮಾರ್ಕ್ ೨ ಕ್ಯಾಮೆರಾದಲ್ಲಿ ಮೊದಲು ೩೦ ಚಿತ್ರಗಳ ವೇಗವೊಂದೇ ಇತ್ತು. ೨೦೧೦ರಲ್ಲಿ ಕಂಪೆನಿಯೇ ಅದಕ್ಕೆ ೨೫ ಮತ್ತು ೨೪ರ ವೇಗಗಳನ್ನು ಒದಗಿಸಿತು. ಆದುದರಿಂದ ನಮ್ಮಲ್ಲಿ ಪಟ್ಟಿಯಲ್ಲಿ 'ಪಾಲ್' ಎಂಬುದನ್ನು ಆರಿಸಿ, ೨೫ ಚಿತ್ರ, ಶಟರ್ ೧/೫೦ ಎಂದು ಇಡುವುದು ಕ್ಷೇಮ. ಮಿಣುಕು ಉಳಿದರೆ ೧/೧೦೦ನ್ನು ಪರೀಕ್ಷಿಸಬಹುದು. ಕೆಲವು ಕ್ಯಾಮೆರಾಗಳು ಈ ಬದಲಾವಣೆಗೆ ಕಾರ್ಡನ್ನು ಪೂರ್ಣ ಅಳಿಸಬೇಕೆನ್ನುತ್ತವೆ. ಈ ಕೆಲಸವನ್ನು ಮನೆಯಲ್ಲಿಯೇ ಮುಗಿಸಿಕೊಂಡು ಹೋಗತಕ್ಕದ್ದು.

ಕೊನೆಯದಾಗಿ, ನೋಡುವವರು ಯಾರೆಂಬುದನ್ನು ಯೋಚಿಸಬೇಕು. ಎಚ್.೨೬೫ ಎಂಬ ಹೊಸ ಪದ್ಧತಿಯು, ಹಳೆಯ ಎಚ್.೨೬೪ರಷ್ಟೇ ಅಂದದ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಇರಿಸಬಲ್ಲದು. ಆದರೆ ಹಳೆಯ ಕಂಪ್ಯೂಟರುಗಳೂ ಫೋನುಗಳೂ ಅದನ್ನು ತೋರಿಸಲು ತಿಣುಕುತ್ತವೆ. ಊರಿನ ತಾಯಿಯ ಕೈಯಲ್ಲಿರುವುದು ಹಳೆಯ ಫೋನಾದರೆ ಎಚ್.೨೬೪ನ್ನೇ ಆರಿಸುವುದು ವಿವೇಕ. ಉಣ್ಣುವವರ ಹಸಿವನ್ನು ಅರಿತು ಬಡಿಸುವವನೇ ಜಾಣನೆಂಬುದನ್ನು ನಮ್ಮ ಹೋಟೆಲು ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ.

ಕಾರ್ಯಕ್ರಮದ ಮುನ್ನಾದಿನ, ಅದೇ ಸಭಾಗೃಹದಲ್ಲಿ, ಅದೇ ದೀಪಗಳ ಕೆಳಗೆ ಐದು ನಿಮಿಷ ಚಿತ್ರೀಕರಿಸಿ ದೊಡ್ಡ ಪರದೆಯಲ್ಲಿ ನೋಡಿರಿ. ಮರುದಿನ ಚೆಂಡೆಯ ಪೆಟ್ಟು ಬೀಳುವಾಗ ನಿಮ್ಮ ಗಮನವು ಗುಂಡಿಗಳ ಮೇಲಿರದೆ ರಂಗಸ್ಥಳದ ಮೇಲಿರುವುದು.