ಉತಾರದ ಪುಟವನ್ನು ಪೈಥಾನ್‌ನಿಂದ ತೆರೆಸುವುದು ಹೇಗೆ?

ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿ ಹೊಲವಿರುವ ಮನೆತನಕ್ಕೆ ಗೋಕಾಕ, ಮೂಡಲಗಿ ಕಡೆಗೂ ಪಾಲಿನ ಜಮೀನು ಇರುವುದುಂಟು. ವಾಟ್ನಿ (ಪಾಲು ಹಂಚಿಕೆ) ಆದ ಮೇಲೆ ಹೆಸರು ಏರಿತೇ, ಸಾಲ ತೀರಿಸಿದ ಮೇಲೆ ಬ್ಯಾಂಕಿನ ಬೋಜಾ (ಸಾಲದ ಹೊರೆಯ ನಮೂದು) ಇಳಿಯಿತೇ ಎಂದು ಹಲವು ಸರ್ವೆ ನಂಬರುಗಳ ಉತಾರವನ್ನು, ಅಂದರೆ ಪಹಣಿಯನ್ನು, ಆಗಾಗ ನೋಡುತ್ತಿರಬೇಕು. ರಾಜ್ಯ ಸರ್ಕಾರದ 'ಭೂಮಿ' ಯೋಜನೆ ಬಂದು ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದ್ದರಿಂದ ಇದನ್ನು ಮನೆಯಲ್ಲೇ ಕೂತು ಅದರ ಜಾಲತಾಣದಲ್ಲಿ ನೋಡಬಹುದು. ಆದರೆ ಪ್ರತಿ ನಂಬರಿಗೂ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರ್ ಹಾಕಿ, ಸರ್ನೋಕ್, ಹಿಸ್ಸಾ ಆರಿಸುವಷ್ಟರಲ್ಲಿ ಬೆರಳು ಸೋಲುತ್ತದೆ. ಈ ಕೆಲಸವನ್ನು ಪೈಥಾನ್‌ಗೆ ಒಪ್ಪಿಸಬಹುದು.

ಪುಟದ ವಿಳಾಸ ಕೊಟ್ಟು ಅದರ ಪಠ್ಯವನ್ನಷ್ಟೇ ತರಿಸಿಕೊಳ್ಳುವ ಸಾದಾ ಪ್ರೋಗ್ರಾಂ ಇಲ್ಲಿ ನಡೆಯುವುದಿಲ್ಲ. ಪುಟ ಮೊದಲು ಬಂದಾಗ ತಾಲ್ಲೂಕಿನ ಪಟ್ಟಿ ಖಾಲಿ ಇರುತ್ತದೆ. ಜಿಲ್ಲೆ ಬೆಳಗಾವಿ ಎಂದು ಆರಿಸಿದ ಮೇಲೆ ಪುಟದೊಳಗಿನ ಜಾವಾಸ್ಕ್ರಿಪ್ಟ್ ಸರ್ವರ್‌ಗೆ ಕೇಳಿ ಆ ಪಟ್ಟಿ ತುಂಬುತ್ತದೆ. ಆ ಸ್ಕ್ರಿಪ್ಟ್ ಓಡಲು ನಿಜವಾದ ಬ್ರೌಸರ್ ಬೇಕು. 2004ರಲ್ಲಿ ಜೇಸನ್ ಹಗಿನ್ಸ್ ಆರಂಭಿಸಿದ ಸೆಲೆನಿಯಂ, 2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪ್ಲೇರೈಟ್ ಇವೆರಡೂ ಬ್ರೌಸರನ್ನೇ ತೆರೆದು, ನಮ್ಮ ಬದಲು ಕ್ಲಿಕ್ ಮಾಡಿ, ಅಕ್ಷರ ಒತ್ತುತ್ತವೆ.

ಕ್ಲಿಕ್ ಮಾಡಿಸುವುದು ಸುಲಭ, ಕಾಯಿಸುವುದೇ ಕಷ್ಟ. ಹೊಸಬರು ಪ್ರತಿ ಹೆಜ್ಜೆಗೂ ಐದು ಸೆಕೆಂಡ್ ನಿಲ್ಲು ಎಂದು ಬರೆಯುತ್ತಾರೆ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಪಟ್ಟಿ ಬರಲು ಒಮ್ಮೆ ಎರಡು ಸೆಕೆಂಡ್ ಸಾಕು, ಒಮ್ಮೆ ಇಪ್ಪತ್ತೂ ಸಾಲದು. ಆದ್ದರಿಂದ ಸೆಕೆಂಡ್ ಎಣಿಸಬೇಡಿ, ಷರತ್ತು ಹಾಕಿ: 'ತಾಲ್ಲೂಕಿನ ಪಟ್ಟಿಯಲ್ಲಿ ಹುಕ್ಕೇರಿ ಕಾಣಿಸುವವರೆಗೆ ಕಾಯಿ, ಒಂದು ನಿಮಿಷ ದಾಟಿದರೆ ನಿಲ್ಲು.' ಸೆಲೆನಿಯಂನಲ್ಲಿ ವೆಬ್‌ಡ್ರೈವರ್‌ವೇಟ್ ಇರುವುದು ಇದಕ್ಕೇ. ಇನ್ನೊಂದು ತೊಡಕುಂಟು. ಪಟ್ಟಿ ತುಂಬುವಾಗ ಪುಟ ತನ್ನ ಭಾಗಗಳನ್ನು ಕಿತ್ತು ಹೊಸದಾಗಿ ಕಟ್ಟುವುದರಿಂದ, ಮೊದಲು ಹುಡುಕಿಟ್ಟುಕೊಂಡ ಪೆಟ್ಟಿಗೆಯ ಗುರುತು ಸತ್ತುಹೋಗಿ 'ಸ್ಟೇಲ್ ಎಲಿಮೆಂಟ್' ಎಂಬ ದೋಷ ಬರುತ್ತದೆ. ಪ್ರತಿ ಆಯ್ಕೆಯ ನಂತರವೂ ಪೆಟ್ಟಿಗೆಯನ್ನು ಮತ್ತೆ ಹುಡುಕಿಸಬೇಕು.

ಪಟ್ಟಿಯಲ್ಲಿ 'ನಾಲ್ಕನೆಯದು' ಎಂದು ಎಣಿಸಿ ಆರಿಸುವ ರೂಢಿಯನ್ನೂ ಬಿಡಿ. ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ತಾಲ್ಲೂಕಾಯಿತು. ಇಂಥ ಹೊಸ ಹೆಸರು ಪಟ್ಟಿಗೆ ಸೇರಿದರೆ ಕೆಳಗಿನವೆಲ್ಲ ಒಂದೊಂದು ಸ್ಥಾನ ಜಾರುತ್ತವೆ, ಪ್ರೋಗ್ರಾಂ ಸದ್ದಿಲ್ಲದೆ ಇನ್ನಾವುದೋ ತಾಲ್ಲೂಕು ತೆರೆಯುತ್ತದೆ. ಯಾವಾಗಲೂ ಹೆಸರಿನಿಂದಲೇ ಆರಿಸಿ. ಪುಟದಲ್ಲಿ ಆ ಹೆಸರಿನ ಕಾಗುಣಿತ ಹೇಗಿದೆ ಎಂಬುದನ್ನು ಮೊದಲು ಪಟ್ಟಿಯನ್ನೇ ಮುದ್ರಿಸಿ ನೋಡಿಕೊಳ್ಳಿ.

ಕ್ಯಾಪ್ಚಾ ಅಥವಾ ಒಟಿಪಿ ಕೇಳಿದಲ್ಲಿ ಪ್ರೋಗ್ರಾಂ ನಿಲ್ಲಬೇಕು, ನೀವೇ ತುಂಬಬೇಕು. ಅದನ್ನು ದಾಟುವ ಅಡ್ಡದಾರಿ ಹುಡುಕುವುದು ತಪ್ಪು. ತಾಣದ ನಿಯಮಗಳನ್ನು ಓದಿಕೊಳ್ಳಿ, ನಿಮ್ಮ ಹೊಲಗಳಿಗಷ್ಟೇ ಬಳಸಿ, ಒಂದು ನಂಬರಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡಿ. ಆ ಸರ್ವರ್ ಮೇಲೆ ಇಡೀ ರಾಜ್ಯದ ರೈತರು ನಿಂತಿದ್ದಾರೆ.

ಮೊದಲು ಒಂದೇ ಸರ್ವೆ ನಂಬರಿನಿಂದ, ಬ್ರೌಸರ್ ಕಿಟಕಿ ಕಣ್ಣೆದುರೇ ತೆರೆದಿರುವಂತೆ ಓಡಿಸಿ ನೋಡಿ. ಹೀಗೆ ತೆಗೆದದ್ದು ನಿಮ್ಮ ತಿಳಿವಳಿಕೆಗೆ ಮಾತ್ರ. ಬ್ಯಾಂಕಿಗೋ ಕೋರ್ಟಿಗೋ ಕೊಡಲು ಶುಲ್ಕ ಕಟ್ಟಿ ಪಡೆದ ಅಧಿಕೃತ ಉತಾರವೇ ಬೇಕು.